ಕತ್ತರಿಸದ ಕೇಕು

ಹೋದ ವರ್ಷ ನಮ್ಮ ಟೀಮಿನಲ್ಲಿ ನಡೆದ ಒಂದು ಸಣ್ಣ ಘಟನೆಯಿಂದ ಶುರು ಮಾಡ್ತೀನಿ. ಸಣ್ಣದೇ. ಆದರೆ ಅವತ್ತು ನಾನು ನಡೆದುಕೊಂಡ ರೀತಿ ಇವತ್ತಿಗೂ ಒಳಗೆಲ್ಲೋ ಚುಚ್ಚುತ್ತೆ.

ಸಾಫ್ಟ್‌ವೇರ್ ಕಂಪನಿಗಳಲ್ಲಿ ಇರುವವರಿಗೆ ಈ ಪದ್ಧತಿ ಗೊತ್ತೇ ಇರುತ್ತೆ. ಯಾರದ್ದೇ ಹುಟ್ಟುಹಬ್ಬ ಇರಲಿ, ಸಂಜೆ ನಾಲ್ಕಕ್ಕೆ ಪ್ಯಾಂಟ್ರಿಯಲ್ಲಿ ಒಂದು ಕಿಲೋ ಬ್ಲ್ಯಾಕ್ ಫಾರೆಸ್ಟ್ ಕೇಕು, ಚಪ್ಪಾಳೆ, ಮೂಗಿಗೆ ಕ್ರೀಮು, ಒಂದು ಫೋಟೋ. ಹತ್ತು ನಿಮಿಷದಲ್ಲಿ ಎಲ್ಲರೂ ವಾಪಸ್ ಸೀಟಿಗೆ. ನಮ್ಮ ಟೀಮಿನಲ್ಲಿ ಕೇಕು ತರಿಸುವ ಜವಾಬ್ದಾರಿ ನನ್ನದು. ಎಲ್ಲರ ದಿನಾಂಕಗಳನ್ನೂ ಒಂದು ಎಕ್ಸೆಲ್ ಶೀಟಿನಲ್ಲಿ ಹಾಕಿಟ್ಟುಕೊಂಡಿದ್ದೀನಿ.

ಆ ದಿನ ಇದ್ದದ್ದು ಹೊಸದಾಗಿ ಸೇರಿದ್ದ ಗೆಳೆಯನ ಸರದಿ. ಕಲಬುರಗಿಯವನು, ಮಿತಭಾಷಿ, ಕೋಡ್ ಮಾತ್ರ ಬಲು ಚೊಕ್ಕ. ಕೆಲವು ಸೋಮವಾರ ಮಧ್ಯಾಹ್ನ ಊಟಕ್ಕೆ ಬರುತ್ತಿರಲಿಲ್ಲ, ಡಯಟ್ ಇರಬೇಕು ಅಂದುಕೊಂಡಿದ್ದೆವು. ಕೇಕಿನ ಮೇಲೆ ಅವನ ಹೆಸರು ಬರೆಸಿದ್ದೆ. ಅವನು ಬಂದ, ನೋಡಿದ, ನಕ್ಕ. ಚಾಕುವನ್ನು ತೆಗೆದುಕೊಂಡು ಪಕ್ಕದಲ್ಲಿದ್ದ ಪ್ಯಾಂಟ್ರಿ ಹುಡುಗನ ಕೈಗೆ ಕೊಟ್ಟು, 'ನೀ ಕತ್ತರಸಪಾ, ಎಲ್ಲಾರಿಗೂ ಕೊಡು' ಅಂದ. ತಾನು ಕತ್ತರಿಸಲಿಲ್ಲ, ಹಾಡು ಶುರುವಾಗುವ ಮುಂಚೆ ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಹೊರಟುಬಿಟ್ಟ.

ನನಗೆ ಅವಮಾನವಾದ ಹಾಗಾಯಿತು. 'ಇವರದ್ದು ಯಾವಾಗಲೂ ಇದೇ, ಎಲ್ಲದಕ್ಕೂ ಧರ್ಮ ಅಡ್ಡ ಬರುತ್ತೆ' ಅಂತ ಪಕ್ಕದವನಿಗೆ ಹೇಳಿದೆ. ಮೆಲ್ಲಗೇ ಹೇಳಿದ್ದೆ. ಅವನಿಗೆ ಕೇಳಿಸಿತ್ತು ಅಂತ ಗೊತ್ತಾಗಿದ್ದು ಎರಡು ದಿನದ ಮೇಲೆ, ಚಹಾ ಕುಡಿಯುವಾಗ ಅವನೇ ಮಾತು ತೆಗೆದಾಗ.

'ಇವರದ್ದು ಅಂದ್ರ ಯಾರದಪಾ?' ಅಂತ ಕೇಳಿದ. ಸಿಟ್ಟಿರಲಿಲ್ಲ. 'ನಮ್ಮ ಮನ್ಯಾಗ ಮೂರು ಮಂದಿಗಿ ಮೂರು ಮಾತದ. ನಮ್ಮ ಅಜ್ಜಿ ಪ್ರವಾದಿಯವರ ಹುಟ್ಟಿದ ತಿಂಗಳು ಬಂತಂದ್ರ ಓಣಿ ಹೆಣ್ಮಕ್ಕಳನ್ನೆಲ್ಲ ಕೂಡಿಸಿ ಮೌಲೂದ್ ಓದಸ್ತಾಳ. ತಮ್ಮ ಈದ್ ಮಿಲಾದ್ ಜುಲೂಸಿನಾಗ ಬಾವುಟ ಹಿಡ್ಕೊಂಡು ಹೋಗ್ತಾನ, ಅವನ ಮಗಳ ಹುಟ್ಟುಹಬ್ಬಕ್ಕ ಕೇಕೂ ತರ್ತಾನ. ನಾ ಎರಡೂ ಮಾಡಂಗಿಲ್ಲ. ಹಂಗಂತ ಜಗಳಿಲ್ಲ. ಒಂದೇ ಮನಿ, ಒಂದೇ ಕುರಾನು.'

ನನ್ನ ಬಳಿ ಉತ್ತರ ಇರಲಿಲ್ಲ. ಒಂದು ಇಡೀ ಸಮುದಾಯಕ್ಕೆ ನಾನು ಹಚ್ಚಿದ ಲೇಬಲ್ಲು ಅವನ ಒಂದು ಮನೆಗೇ ಸರಿ ಹೊಂದುತ್ತಿರಲಿಲ್ಲ! ಅವತ್ತಿನಿಂದ ಬಿಡುವು ಸಿಕ್ಕಾಗಲೆಲ್ಲ ಇದರ ಬಗ್ಗೆ ಓದತೊಡಗಿದೆ. ನಾನು ಓದಿದ್ದು ಇಂಜಿನಿಯರಿಂಗು, ಇತಿಹಾಸವಲ್ಲ. ಆದರೂ ತಿಳಿದುಕೊಂಡಷ್ಟನ್ನು ಇಲ್ಲಿ ಬರೆದಿಡುತ್ತಿದ್ದೀನಿ.

ಮೊದಲಿಗೆ ನಮ್ಮದೇ ಕಥೆ. ಹುಟ್ಟಿದ ದಿನ ಅನ್ನುವುದು ನಮಗೆಲ್ಲ ಎಷ್ಟು ಹೊಸದು ಅಂತ ಯೋಚಿಸಿದ್ದೀರಾ? ನಮ್ಮ ಅಪ್ಪನ ಸರ್ಟಿಫಿಕೇಟಿನಲ್ಲಿ ಜೂನ್ 1. ದೊಡ್ಡಪ್ಪನದ್ದೂ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನಾಂಕ ಅದು. ನಿಮ್ಮ ಮನೆಯಲ್ಲೂ ಒಬ್ಬರಾದರೂ 'ಜೂನ್ ಒಂದರವರು' ಇದ್ದೇ ಇರ್ತಾರೆ. ನಮ್ಮ ಅಜ್ಜಿಗಂತೂ ದಿನಾಂಕವೇ ಇರಲಿಲ್ಲ, 'ದೊಡ್ಡ ಬರ ಬಂದ ಮಾರನೇ ವರ್ಷ' ಅನ್ನುತ್ತಿದ್ದರು. ಆದರೆ ತಾತ ತೀರಿಕೊಂಡ ತಿಥಿ ಮಾತ್ರ ಬಾಯಿಪಾಠ. ಯಾಕಂದರೆ ಪ್ರತಿವರ್ಷ ಅವತ್ತು ಮಾಡಬೇಕಾದ ಕೆಲಸ ಇತ್ತು. ಹುಟ್ಟಿದ ದಿನ ಮಾಡುವ ಕೆಲಸ ಏನೂ ಇರಲಿಲ್ಲ, ಮರೆತರು.

ಹಳೆಯ ಅರಬ್ ಲೋಕದಲ್ಲೂ ಹೆಚ್ಚುಕಮ್ಮಿ ಹೀಗೇ. ಹದಿಮೂರನೇ ಶತಮಾನದ ಇಬ್ನ್ ಖಲ್ಲಿಕಾನ್ ಅನ್ನುವ ನ್ಯಾಯಾಧೀಶ ಒಂದು ದೊಡ್ಡ ವ್ಯಕ್ತಿಕೋಶ ಬರೆದ. ನೂರಾರು ಪ್ರಸಿದ್ಧರ ಜೀವನ ಅದರಲ್ಲಿದೆ. ಅದರ ಹೆಸರು 'ವಫಯಾತ್', ಅಂದರೆ ಸಾವುಗಳು! ಯಾರು ಸತ್ತ ವರ್ಷ ಖಚಿತವಾಗಿ ಗೊತ್ತೋ ಅಂಥವರನ್ನು ಸೇರಿಸುವುದು ಅವನ ನಿಯಮ. ಹುಟ್ಟಿದಾಗ ಯಾರೂ ಪ್ರಸಿದ್ಧರಾಗಿರುವುದಿಲ್ಲವಲ್ಲ, ದಾಖಲಾಗುವುದು ಸಾವೇ. ಈ ಇಬ್ನ್ ಖಲ್ಲಿಕಾನನನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರ್ತಾನೆ.

ಪ್ರವಾದಿ ಮುಹಮ್ಮದರ ಜನ್ಮದಿನದ ವಿಷಯದಲ್ಲೂ ಇದೇ ತೊಡಕು. ಯೆಮನ್ನಿನಿಂದ ಅಬ್ರಹ ಅನ್ನುವವನು ಆನೆ ತಂದು ಮೆಕ್ಕಾದ ಮೇಲೆ ದಂಡೆತ್ತಿ ಬಂದ 'ಆನೆಯ ವರ್ಷ'ದಲ್ಲಿ, ಅಂದರೆ ಸುಮಾರು ಕ್ರಿ.ಶ. 570ರಲ್ಲಿ, ಅವರು ಹುಟ್ಟಿದರು ಅನ್ನುವುದು ಪರಂಪರೆಯ ಮಾತು. ತಿಂಗಳು ರಬೀಉಲ್ ಅವ್ವಲ್ ಅಂತ ಬಹುತೇಕರು ಒಪ್ಪುತ್ತಾರೆ. ತಾರೀಖು? 2 ಅಂದವರಿದ್ದಾರೆ, 8 ಅಂದವರಿದ್ದಾರೆ, 9 ಅಂದವರಿದ್ದಾರೆ. ಸುನ್ನಿಗಳಲ್ಲಿ ನಿಂತ ರೂಢಿ 12, ಶಿಯಾಗಳಲ್ಲಿ 17. ಸುನ್ನಿಗಳೆಲ್ಲ ಒಪ್ಪುವುದು ವಾರವನ್ನು ಮಾತ್ರ: ಸೋಮವಾರ. ಸೋಮವಾರ ಉಪವಾಸ ಯಾಕೆ ಅಂತ ಕೇಳಿದಾಗ, ನಾನು ಹುಟ್ಟಿದ್ದು ಅದೇ ದಿನ, ನನಗೆ ಮೊದಲ ದೇವವಾಣಿ ಬಂದದ್ದೂ ಅದೇ ದಿನ ಅನ್ನುವ ಅರ್ಥದಲ್ಲಿ ಅವರು ಉತ್ತರಿಸಿದರು ಅಂತ ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹದಲ್ಲಿದೆ.

ಇನ್ನು ಸಾಮಾನ್ಯರ ಮಕ್ಕಳಿಗೆ? ಮಗು ಹುಟ್ಟಿದ ಏಳನೇ ದಿನಕ್ಕೆ ಅಕೀಕಾ ಅಂತ ಇದೆ. ಕುರಿಯೋ ಆಡೋ ಕೊಯ್ದು ಊಟ ಹಾಕುವುದು, ತಲೆ ಬೋಳಿಸಿ ಕೂದಲಿನ ತೂಕದ ಬೆಳ್ಳಿ ದಾನ ಮಾಡುವುದು, ಹೆಸರಿಡುವುದು. ಅಂದರೆ ಹುಟ್ಟಿನ ಸಂತೋಷಕ್ಕೆ ಜಾಗ ಇದೆ, ಆದರೆ ಒಂದೇ ಸಲ. ವರ್ಷ ವರ್ಷ ಅದು ಮರಳಿ ಬರುವ ಏರ್ಪಾಡು ಮೊದಲ ತಲೆಮಾರುಗಳಲ್ಲಿ ಇರಲಿಲ್ಲ. ವರ್ಷಕ್ಕೆ ಹಬ್ಬ ಎರಡೇ, ಈದುಲ್ ಫಿತ್ರ್ ಮತ್ತು ಈದುಲ್ ಅಝ್‌ಹಾ. ಇಷ್ಟು ಮಟ್ಟಿಗೆ ಆಚರಿಸುವವರು, ಬೇಡ ಅನ್ನುವವರು ಇಬ್ಬರೂ ಒಪ್ಪುತ್ತಾರೆ. ಜಗಳ ಇರುವುದು ಮುಂದಿನ ಪ್ರಶ್ನೆಯಲ್ಲಿ. ಅವರು ಮಾಡಲಿಲ್ಲ ಅಂದರೆ ಮಾಡಬಾರದು ಅಂತಲೇ ಅರ್ಥವಾ?

ಈ ಪ್ರಶ್ನೆಯನ್ನು ಮುಸ್ಲಿಂ ವಿದ್ವಾಂಸರು ಚರ್ಚಿಸಿದ್ದು ಮುಖ್ಯವಾಗಿ ಪ್ರವಾದಿಯವರ ಹುಟ್ಟುಹಬ್ಬ, ಅಂದರೆ ಮೌಲಿದ್, ಇಟ್ಟುಕೊಂಡು. ನನ್ನ ನಿಮ್ಮಂಥವರ ಹುಟ್ಟುಹಬ್ಬದ ಪ್ರಶ್ನೆ ಬಂದದ್ದು ಬಹಳ ತಡವಾಗಿ, ಅದೇ ವಾದದ ಬಾಲ ಹಿಡಿದುಕೊಂಡು. ಹಾಗಾಗಿ ಮೊದಲು ಮೌಲಿದಿನ ಕಥೆ ನೋಡೋಣ.

ಇದನ್ನು ಸರ್ಕಾರಿ ಹಬ್ಬವಾಗಿ ಆಚರಿಸಿದ ಹಳೆಯ ದಾಖಲೆಗಳು ಸಿಗುವುದು ಈಜಿಪ್ಟಿನ ಫಾತಿಮಿ ಖಲೀಫರ ಕಾಲದಲ್ಲಿ. ಇವರು ಇಸ್ಮಾಯಿಲಿ ಶಿಯಾಗಳು. 969ರಲ್ಲಿ ಈಜಿಪ್ಟ್ ಗೆದ್ದು ಕೈರೋ ಕಟ್ಟಿದವರು. ಪ್ರವಾದಿಯವರ ಮಗಳು ಫಾತಿಮಾರ ವಂಶದವರು ನಾವು ಅನ್ನುವುದೇ ಅವರ ಅಧಿಕಾರದ ಬುನಾದಿ. ಹಾಗಾಗಿ ಅವರು ಪ್ರವಾದಿಯವರ ಹುಟ್ಟುಹಬ್ಬದ ಜೊತೆಗೆ ಅಲಿ, ಫಾತಿಮಾ, ಹಸನ್, ಹುಸೇನ್ ಇವರದ್ದೂ ಆಚರಿಸಿದರು. ಜೊತೆಗೆ ಗದ್ದುಗೆಯ ಮೇಲಿರುವ ಖಲೀಫನದ್ದೂ! ಅರಮನೆಯಿಂದ ಅಧಿಕಾರಿಗಳಿಗೆ, ಮಸೀದಿಯವರಿಗೆ ತಟ್ಟೆ ತಟ್ಟೆ ಸಿಹಿ. ಎಲ್ಲರೂ ಮೆರವಣಿಗೆಯಲ್ಲಿ ಅರಮನೆಯ ಮುಂದೆ ಸೇರುವುದು, ಖಲೀಫ ಕಿಟಕಿಯಲ್ಲಿ ಕಾಣಿಸಿಕೊಳ್ಳುವುದು, ಪ್ರವಚನಕಾರರು ಒಬ್ಬರಾದ ಮೇಲೆ ಒಬ್ಬರು ಮಾತಾಡುವುದು. ಮನೆತನದ ಫೋಟೋ ಆಲ್ಬಂ ತೋರಿಸಿ 'ನಾವು ಯಾರ ಮಕ್ಕಳು ಗೊತ್ತಲ್ಲ' ಅಂದ ಹಾಗೆ. ಅಲ್-ಅಫ್ದಲ್ ಅನ್ನುವ ವಜೀರ ಒಂದು ಹಂತದಲ್ಲಿ ಇವನ್ನೆಲ್ಲ ನಿಲ್ಲಿಸಿದ. 1121ರಲ್ಲಿ ಅವನ ಕೊಲೆಯಾದ ಮೇಲೆ ಮತ್ತೆ ಶುರುವಾದವು.

1171ರಲ್ಲಿ ಸಲಾವುದ್ದೀನ್ ಫಾತಿಮಿ ಆಳ್ವಿಕೆ ಮುಗಿಸಿದ. ಶಿಯಾ ಅರಸರ ಹಬ್ಬ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಮಾಷೆ ನೋಡಿ, ಸಲಾವುದ್ದೀನನ ಸ್ವಂತ ಭಾವಮೈದುನನೇ ಅದನ್ನು ಸುನ್ನಿಗಳಲ್ಲಿ ಜಗತ್ಪ್ರಸಿದ್ಧ ಮಾಡಿದ. ಅವನ ಹೆಸರು ಮುಝಫ್ಫರುದ್ದೀನ್ ಗೋಕ್‌ಬೋರಿ. ಈಗಿನ ಇರಾಕಿನ ಎರ್ಬಿಲ್ ಪಟ್ಟಣವನ್ನು 1190ರಿಂದ 1233ರವರೆಗೆ ಆಳಿದವನು.

ನಮ್ಮ ಇಬ್ನ್ ಖಲ್ಲಿಕಾನ್ ಹುಟ್ಟಿದ್ದು ಇದೇ ಎರ್ಬಿಲ್‌ನಲ್ಲಿ, 1211ರಲ್ಲಿ. ಚಿಕ್ಕವನಾಗಿದ್ದಾಗ ಕಂಡ ಜಾತ್ರೆಯನ್ನು ತನ್ನ 'ಸಾವುಗಳು' ಪುಸ್ತಕದಲ್ಲಿ ಮನಸಾರೆ ಬಣ್ಣಿಸಿದ್ದಾನೆ. ಬಾಗ್ದಾದ್, ಮೋಸುಲ್, ಸಿಂಜಾರ್ ಕಡೆಗಳಿಂದ ಜನ ಬಂದು ಸೇರುತ್ತಿದ್ದರು. ನಾಲ್ಕೈದು ಅಂತಸ್ತಿನ ಇಪ್ಪತ್ತಕ್ಕೂ ಹೆಚ್ಚು ಮರದ ಮಂಟಪಗಳು, ಅದರಲ್ಲಿ ಹಾಡುವವರು, ನೆರಳಿನ ಬೊಂಬೆಯಾಟದವರು. ಎರಡು ದಿನ ಮುಂಚೆ ಒಂಟೆ, ದನ, ಕುರಿಗಳನ್ನು ನಗಾರಿ ಬಾರಿಸುತ್ತಾ ಮೈದಾನಕ್ಕೆ ಹೊಡೆದುಕೊಂಡು ಬಂದು ಅಡುಗೆ ಮಾಡುವುದು. ಹಿಂದಿನ ರಾತ್ರಿ ಕೋಟೆಯಿಂದ ದೊಡ್ಡ ದೊಡ್ಡ ಮೇಣದಬತ್ತಿಗಳ ಮೆರವಣಿಗೆ. ನಮ್ಮ ಕಡೆಯ ತೇರಿನ ಜಾತ್ರೆ ನೋಡಿದವರಿಗೆ ಇದನ್ನು ಕಣ್ಣಮುಂದೆ ತಂದುಕೊಳ್ಳುವುದು ಕಷ್ಟವೇ ಅಲ್ಲ.

ನನಗೆ ಬಹಳ ಇಷ್ಟವಾದದ್ದು ಒಂದು ಸಣ್ಣ ವಿವರ. ತಾರೀಖು 8 ಅಂತ ಒಂದು ಪಕ್ಷ, 12 ಅಂತ ಇನ್ನೊಂದು ಪಕ್ಷ ಇತ್ತಲ್ಲ, ಗೋಕ್‌ಬೋರಿ ಏನು ಮಾಡಿದ ಗೊತ್ತಾ? ಒಂದು ವರ್ಷ 8ಕ್ಕೆ ಮಾಡಿದರೆ ಮಾರನೇ ವರ್ಷ 12ಕ್ಕೆ! ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಎರಡು ಸರ್ವರ್‌ಗಳ ಮಧ್ಯೆ ಸರದಿಯಂತೆ ಕೆಲಸ ಹಂಚುವ ನಮ್ಮ 'ರೌಂಡ್ ರಾಬಿನ್' ವಿಧಾನವನ್ನು ಅವನು ಎಂಟು ನೂರು ವರ್ಷದ ಹಿಂದೆಯೇ ಜಾರಿಗೆ ತಂದಿದ್ದ.

1207ರ ಸುಮಾರಿಗೆ ಸ್ಪೇನಿನ ಕಡೆಯ ಇಬ್ನ್ ದಿಹ್ಯಾ ಅನ್ನುವ ವಿದ್ವಾಂಸ ಎರ್ಬಿಲ್ ಮೇಲೆ ಹಾದುಹೋಗುವಾಗ ಈ ಉತ್ಸವ ಕಂಡು ಪ್ರವಾದಿಯವರ ಜನನದ ಬಗ್ಗೆ ಒಂದು ಪುಸ್ತಕ ಬರೆದುಕೊಟ್ಟ. ಅರಸ ಸಾವಿರ ದೀನಾರ್ ಕೊಟ್ಟ. ಇಷ್ಟೆಲ್ಲ ಖರ್ಚು ಮಾಡುವ ಅರಸ ತಾನು ಮಾತ್ರ ಐದು ದಿರ್ಹಮಿನದೂ ಅಲ್ಲದ ಒರಟು ಬಟ್ಟೆಯ ಅಂಗಿ ಹಾಕುತ್ತಿದ್ದನಂತೆ. ಹೆಂಡತಿ, ಅಂದರೆ ಸಲಾವುದ್ದೀನನ ತಂಗಿ, ಬೈದಾಗ, ಅಗ್ಗದ ಅಂಗಿ ಹಾಕಿ ಉಳಿದದ್ದು ದಾನ ಮಾಡುವುದೇ ವಾಸಿ ಅಂದನಂತೆ ಅಂತ ಹಳೆಯ ಇತಿಹಾಸಕಾರರು ಬರೆದಿದ್ದಾರೆ.

ಹಬ್ಬ ಜನಪ್ರಿಯವಾದ ಹಾಗೆ ಆಕ್ಷೇಪಗಳೂ ಬಂದವು. 1334ರಲ್ಲಿ ತೀರಿಕೊಂಡ ಅಲೆಕ್ಸಾಂಡ್ರಿಯದ ಅಲ್-ಫಾಕಿಹಾನಿ ಇದರ ವಿರುದ್ಧ ಪ್ರತ್ಯೇಕ ಕಿರುಗ್ರಂಥವನ್ನೇ ಬರೆದ. ಅವನ ವಾದ ನೇರ. ಕುರಾನಿನಲ್ಲಿ ಇಲ್ಲ, ಪ್ರವಾದಿಯವರು ಮಾಡಲಿಲ್ಲ, ಅವರ ಸಂಗಡಿಗರು ಮಾಡಲಿಲ್ಲ. ಹಾಗಾಗಿ ಇದು 'ಬಿದ್‌ಅತ್', ಅಂದರೆ ಧರ್ಮದೊಳಗೆ ಹೊಸದಾಗಿ ಸೇರಿಸಿದ್ದು. ಹೀಗೆ ಸೇರಿಸಿದ್ದೆಲ್ಲ ದಾರಿ ತಪ್ಪಿಸುತ್ತೆ ಅಂತ ಹದೀಸ್ ಇದೆ. ಇದರ ಹಿಂದಿನ ಭಯ ನನಗೆ ಅರ್ಥವಾಗುತ್ತೆ. ನಡೆಯುತ್ತಿರುವ ಪ್ರೊಡಕ್ಷನ್ ಕೋಡಿಗೆ ಒಬ್ಬೊಬ್ಬರೂ 'ಒಳ್ಳೆಯದೇ ಅಲ್ವಾ' ಅಂತ ಒಂದೊಂದು ಸಾಲು ಸೇರಿಸುತ್ತಾ ಹೋದರೆ ಹತ್ತು ವರ್ಷದ ಮೇಲೆ ಮೂಲ ಯಾವುದು, ಸೇರಿಸಿದ್ದು ಯಾವುದು ಅಂತ ಯಾರಿಗೂ ಗೊತ್ತಾಗಲ್ಲ.

ಇನ್ನೊಂದು ಪಕ್ಷದವರು ಹೇಳುವುದು, ಹೊಸದರಲ್ಲೂ ಒಳ್ಳೆಯದು ಕೆಟ್ಟದ್ದು ಇದೆ ಅಂತ. ಎರಡನೇ ಖಲೀಫ ಉಮರ್ ರಂಜಾನಿನ ರಾತ್ರಿಯ ಪ್ರಾರ್ಥನೆಯನ್ನು ಒಬ್ಬ ಇಮಾಮನ ಹಿಂದೆ ಒಟ್ಟುಗೂಡಿಸಿದಾಗ ತಾವೇ ಅದನ್ನು ಒಳ್ಳೆಯ ಬಿದ್‌ಅತ್ ಎಂದು ಕರೆದರಲ್ಲ ಅನ್ನುವುದು ಅವರ ಉದಾಹರಣೆ. ಕೈರೋದ ಜಲಾಲುದ್ದೀನ್ ಸುಯೂತಿ (1445–1505) ಇದೇ ವಿಷಯಕ್ಕೆ ಒಂದು ಫತ್ವಾ ಬರೆದು ಅಲ್-ಫಾಕಿಹಾನಿಯ ವಾದವನ್ನು ಸಾಲು ಸಾಲಾಗಿ ಎದುರಿಸಿದ. ಜನ ಸೇರಿ ಕುರಾನ್ ಓದಿ, ಪ್ರವಾದಿಯವರ ಕಥೆ ಕೇಳಿ, ಉಂಡು ಹೋದರೆ ಅದು ಒಳ್ಳೆಯ ಕೆಲಸವೇ ಅಂದ.

ಅಲ್-ಫಾಕಿಹಾನಿ ಎತ್ತಿದ್ದ ಒಂದು ಪ್ರಶ್ನೆ ತುಂಬಾ ಗಂಭೀರವಾದದ್ದು. ಪ್ರವಾದಿಯವರು ಕ್ರಿ.ಶ. 632ರಲ್ಲಿ ತೀರಿಕೊಂಡದ್ದೂ ಇದೇ ರಬೀಉಲ್ ಅವ್ವಲ್ ತಿಂಗಳಲ್ಲಿ. ಪ್ರಸಿದ್ಧ ಲೆಕ್ಕದಲ್ಲಿ ಅದೂ 12ನೇ ತಾರೀಖು, ಅದೂ ಸೋಮವಾರ. ಹಾಗಿದ್ದಮೇಲೆ ಆ ತಿಂಗಳು ನಗಬೇಕೋ ಅಳಬೇಕೋ? ಸುಯೂತಿಯ ಉತ್ತರ ಹೀಗಿದೆ: ಹುಟ್ಟಿದಾಗ ಅಕೀಕಾ ಮಾಡಿ ಸಂತೋಷ ಪಡಿ ಅಂತ ಧರ್ಮ ಹೇಳುತ್ತೆ, ಸತ್ತಾಗ ಗೋಳಾಡಬೇಡಿ, ತಾಳ್ಮೆಯಿಂದಿರಿ ಅನ್ನುತ್ತೆ. ಎರಡೂ ಒಂದೇ ದಿನ ಬಂದರೆ ಸಂತೋಷಕ್ಕೇ ಜಾಗ.

ಎಲ್ಲಕ್ಕಿಂತ ನನ್ನನ್ನು ನಿಲ್ಲಿಸಿದ್ದು ಇಬ್ನ್ ತೈಮಿಯಾ (1263–1328) ಹೇಳಿದ ಮಾತು. ಕಟ್ಟುನಿಟ್ಟಿನವರೆಲ್ಲ ಇವತ್ತಿಗೂ ಮುಂದಿಡುವ ಹೆಸರು ಅದು. ಅವನೂ ಮೌಲಿದಿಗೆ ಆಧಾರವಿಲ್ಲ, ಹಿಂದಿನವರು ಮಾಡಲಿಲ್ಲ ಅಂತಲೇ ಹೇಳುತ್ತಾನೆ. ಆದರೆ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಪ್ರವಾದಿಯ ಮೇಲಿನ ಪ್ರೀತಿಯಿಂದ, ಗೌರವದಿಂದ ಮಾಡುವವರಿಗೆ ಆ ಪ್ರೀತಿಗೆ, ಆ ಉದ್ದೇಶಕ್ಕೆ ದೇವರು ಪುಣ್ಯ ಕೊಡಬಹುದು ಅನ್ನುತ್ತಾನೆ. ಅಂದರೆ 'ನೀನು ಮಾಡುತ್ತಿರುವುದು ತಪ್ಪು, ಆದರೆ ಯಾಕೆ ಮಾಡುತ್ತಿದ್ದೀಯ ಅನ್ನುವುದು ನನಗೆ ಕಾಣಿಸುತ್ತೆ' ಅಂತ. ಪ್ಯಾಂಟ್ರಿಯಲ್ಲಿ ನನಗೆ ಅಷ್ಟೂ ಕಾಣಿಸಿರಲಿಲ್ಲ.

ಸೋಮವಾರದ ಆ ಹದೀಸನ್ನು ಎರಡೂ ಪಕ್ಷದವರು ಬಳಸುವ ರೀತಿಯೂ ಗಮನಿಸುವಂಥದ್ದು. ನೋಡಿ, ತಮ್ಮ ಜನ್ಮದಿನವನ್ನು ಅವರೇ ವಿಶೇಷವಾಗಿ ಕಂಡಿದ್ದಾರೆ ಅಂತ ಒಬ್ಬರು. ನೋಡಿ, ಕಂಡಿದ್ದಾರೆ ನಿಜ, ಆದರೆ ಉಪವಾಸ ಮಾಡಿ, ಹಬ್ಬ ಮಾಡಿ ಅಲ್ಲ ಅಂತ ಇನ್ನೊಬ್ಬರು. ಇನ್‌ಪುಟ್ ಒಂದೇ, ಔಟ್‌ಪುಟ್ ಎರಡು.

ಹಬ್ಬ ಮಾತ್ರ ಹರಡುತ್ತಾ ಹೋಯಿತು. ತುರ್ಕಿಯ ಬುರ್ಸಾ ಪಟ್ಟಣದ ಇಮಾಮ ಸುಲೇಮಾನ್ ಚೆಲೆಬಿ 1409ರಲ್ಲಿ ಪ್ರವಾದಿಯವರ ಜನನದ ಬಗ್ಗೆ ತುರ್ಕಿ ಭಾಷೆಯಲ್ಲಿ ಒಂದು ದೀರ್ಘ ಕಾವ್ಯ ಬರೆದ. ಅಲ್ಲಿನ ಜನ ಇವತ್ತಿಗೂ ಮಗು ಹುಟ್ಟಿದರೂ ಅದನ್ನು ಓದಿಸುತ್ತಾರೆ, ಯಾರಾದರೂ ಸತ್ತು ನಲವತ್ತು ದಿನವಾದರೂ ಓದಿಸುತ್ತಾರೆ. 1588ರಲ್ಲಿ ಮೂರನೇ ಮುರಾದ್ ಸುಲ್ತಾನ ಅದನ್ನು ಆಸ್ಥಾನದ ಅಧಿಕೃತ ಆಚರಣೆ ಮಾಡಿದ.

ಹುಟ್ಟುಹಬ್ಬದ ಹಿಂದೆ ಅಧಿಕಾರ ಅಡಗಿ ಕೂತಿರುತ್ತೆ ಅನ್ನುವುದಕ್ಕೆ ಇನ್ನೊಂದು ಕಥೆ. 1798ರಲ್ಲಿ ನೆಪೋಲಿಯನ್ ಈಜಿಪ್ಟ್ ಹಿಡಿದ. ಆ ವರ್ಷ ಮೌಲಿದ್ ಬಂದರೂ ಕೈರೋದಲ್ಲಿ ಸದ್ದಿಲ್ಲ. ಯಾಕೆ ಅಂತ ಅವನೇ ಶೇಖ್ ಅಲ್-ಬಕ್ರಿಯನ್ನು ಕೇಳಿದ. ದುಡ್ಡಿಲ್ಲ, ಕಾಲ ಚೆನ್ನಾಗಿಲ್ಲ ಅಂದರು ಶೇಖರು. ನೆಪೋಲಿಯನ್ ಬಿಡಲಿಲ್ಲ, ಆಗಲೇಬೇಕು ಅಂತ ಮುನ್ನೂರು ರಿಯಾಲ್ ಕೊಟ್ಟ. ದೀಪ, ಪಟಾಕಿ, ಫ್ರೆಂಚ್ ಸೈನ್ಯದ ಬ್ಯಾಂಡು ಎಲ್ಲ ಆಯಿತು. ಇದನ್ನು ಬರೆದಿಟ್ಟವನು ಕೈರೋದ ಇತಿಹಾಸಕಾರ ಅಲ್-ಜಬರ್ತಿ. ಗೆದ್ದವನು ಹಬ್ಬ ಮಾಡಿಸಿದ, ಸೋತವರು ಮಾಡಿದರು. ಅದರಲ್ಲಿ ಭಕ್ತಿ ಎಷ್ಟಿತ್ತು ಅಂತ ನೀವೇ ಹೇಳಿ.

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿನ ಮುಸ್ಲಿಂ ಅರಸರು ತಮ್ಮ ಸ್ವಂತ ಹುಟ್ಟುಹಬ್ಬವನ್ನೇ ಜೋರಾಗಿ ಆಚರಿಸಿದರು. ಅಕ್ಬರ ವರ್ಷಕ್ಕೆ ಎರಡು ಸಲ ತಕ್ಕಡಿಯಲ್ಲಿ ಕೂರುತ್ತಿದ್ದ, ಸೌರಮಾನದ ಹುಟ್ಟುಹಬ್ಬಕ್ಕೊಮ್ಮೆ, ಚಾಂದ್ರಮಾನದ್ದಕ್ಕೊಮ್ಮೆ. ಚಿನ್ನ, ರೇಷ್ಮೆ, ತಾಮ್ರ, ಧಾನ್ಯಗಳಲ್ಲಿ ತೂಗಿ ದಾನ ಮಾಡುವುದು. ನಮಗಿದು ತುಲಾಭಾರ ಅಂತ ಚೆನ್ನಾಗಿ ಗೊತ್ತು, ಹಂಪಿಯ ವಿಠ್ಠಲ ದೇವಸ್ಥಾನದ ದಾರಿಯಲ್ಲಿ ಅರಸರ ಕಲ್ಲಿನ ತಕ್ಕಡಿಕಂಬ ಇವತ್ತಿಗೂ ನಿಂತಿದೆ. 1617ರ ಸೆಪ್ಟೆಂಬರಿನಲ್ಲಿ ಮಾಂಡುವಿನಲ್ಲಿ ಜಹಾಂಗೀರನ ತುಲಾಭಾರವನ್ನು ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಕಣ್ಣಾರೆ ನೋಡಿ ಬರೆದಿದ್ದಾನೆ. ಧಾರ್ಮಿಕವಾಗಿ ಕಟ್ಟುನಿಟ್ಟಾಗಿದ್ದ ಔರಂಗಜೇಬ 1670ರ ಸುಮಾರಿಗೆ ತನ್ನ ತುಲಾಭಾರ ನಿಲ್ಲಿಸಿದ. ಅಪ್ಪ, ಅಜ್ಜ, ಮುತ್ತಜ್ಜ ಮಾಡಿದ್ದನ್ನು ಮಗ ಬಿಟ್ಟ. ನನ್ನ ಗೆಳೆಯನ ಮನೆಯ ಕಥೆಯೇ, ಅರಮನೆಯಲ್ಲಿ.

ನಮ್ಮ ಮೈಸೂರಿನ ಟಿಪ್ಪು ಇನ್ನೊಂದು ಹೆಜ್ಜೆ ಮುಂದೆ ಹೋದ. ಅವನು 1787ರ ಸುಮಾರಿಗೆ ಹಿಜರಿ ಶಕ ಬಿಟ್ಟು 'ಮೌಲೂದಿ' ಅನ್ನುವ ಹೊಸ ಶಕ ತಂದ. ಮೌಲೂದ್ ಅಂದರೆ ಹುಟ್ಟು. ಅದರ ಮೊದಲ ನಾಣ್ಯಗಳ ಮೇಲೆ 1215 ಅಂತ ಇರುತ್ತೆ, ಅದೂ ಅಂಕಿಗಳು ಬಲದಿಂದ ಎಡಕ್ಕೆ! ನಮ್ಮವರಿಗೆ ಹೇಳಬೇಕೆಂದರೆ ಲಿಟಲ್ ಎಂಡಿಯನ್. ವರ್ಷದ ಮೊದಲ ತಿಂಗಳು 'ಅಹ್ಮದಿ', ನಮ್ಮ ಚೈತ್ರಕ್ಕೆ ಸರಿಯಾಗಿ, ಅಂದರೆ ಹೊಸ ವರ್ಷ ಯುಗಾದಿಗೆ. ನಮ್ಮ ಪ್ರಭವ, ವಿಭವದ ಹಾಗೆ ಅರವತ್ತು ವರ್ಷಕ್ಕೂ ಒಂದೊಂದು ಹೆಸರು. ಪ್ರವಾದಿಯ ಹುಟ್ಟಿನ ಹೆಸರಿನ ಶಕ, ಒಳಗಿನ ಯಂತ್ರ ಮಾತ್ರ ನಮ್ಮ ಪಂಚಾಂಗದ್ದು.

ಈ ಶಕ ಪ್ರವಾದಿಯವರ ಹುಟ್ಟಿನಿಂದ ಎಣಿಸಿದ್ದಾ, ಅವರಿಗೆ ಪ್ರವಾದಿತ್ವ ಸಿಕ್ಕ ವರ್ಷದಿಂದಲಾ ಅಂತ ಪಂಡಿತರಲ್ಲಿ ಎರಡು ಮತ. ನಾನೂ ಕೂತು ಲೆಕ್ಕ ಹಾಕಿದೆ. 1215 ಸೌರ ವರ್ಷ ಅಂತ ಹಿಡಿದರೆ 1787ರಿಂದ ಹಿಂದಕ್ಕೆ 572, ಹುಟ್ಟಿದ ವರ್ಷದ ಹತ್ತಿರ. 354 ದಿನದ ಚಾಂದ್ರ ವರ್ಷ ಅಂತ ಹಿಡಿದರೆ 608, ಪ್ರವಾದಿತ್ವ ಸಿಕ್ಕ 610ರ ಹತ್ತಿರ. ಎರಡೂ ಸರಿಯಾಗೇ ಕೂರುತ್ತೆ! ಇನ್ನು ಸ್ವತಃ ಟಿಪ್ಪುವಿನ ಹುಟ್ಟುಹಬ್ಬದ ಕಥೆ ಕನ್ನಡಿಗರಿಗೆ ಹೇಳಬೇಕಿಲ್ಲ. ಒಂದು ಸರ್ಕಾರ 2015ರಲ್ಲಿ ಶುರು ಮಾಡಿದ ಜಯಂತಿಯನ್ನು ಇನ್ನೊಂದು ಸರ್ಕಾರ 2019ರಲ್ಲಿ ನಿಲ್ಲಿಸಿತು.

ಹತ್ತೊಂಬತ್ತನೇ ಶತಮಾನದ ಉತ್ತರ ಭಾರತದಲ್ಲಿ ಹಳೆಯ ವಾದ ಮತ್ತೆ ಕಾವೇರಿತು. 1866ರಲ್ಲಿ ಶುರುವಾದ ದೇವಬಂದ್ ಮದ್ರಸಾದ ಹಿರಿಯರಲ್ಲಿ ಒಬ್ಬರಾದ ರಶೀದ್ ಅಹ್ಮದ್ ಗಂಗೋಹಿ ಮಿಲಾದ್ ಸಭೆಗಳನ್ನು ಒಪ್ಪಲಿಲ್ಲ. ಬರೇಲಿಯ ಅಹ್ಮದ್ ರಝಾ ಖಾನ್ ಅದನ್ನು ಪ್ರೀತಿಯ ಗುರುತು ಅಂತ ಸಮರ್ಥಿಸಿದರು. ಇವತ್ತಿನ ದೇವಬಂದಿ, ಬರೇಲ್ವಿ ಅನ್ನುವ ಭಿನ್ನತೆಯ ಒಂದು ಎಳೆ ಇದು. ಸ್ವಾರಸ್ಯ ಏನೆಂದರೆ ಗಂಗೋಹಿಯವರ ಸ್ವಂತ ಸೂಫಿ ಗುರು ಹಾಜಿ ಇಮ್ದಾದುಲ್ಲಾ, ನಾನು ಮೌಲೂದ್ ಸಭೆಗೆ ಹೋಗ್ತೀನಿ, ಅದರಲ್ಲಿ ಸಂತೋಷ ಕಾಣ್ತೀನಿ ಅಂತ ಬರೆದವರು. ಗುರು ಶಿಷ್ಯರ ಅಭಿಪ್ರಾಯ ಬೇರೆಯಾಯಿತು, ಸಂಬಂಧ ಮುರಿಯಲಿಲ್ಲ.

ಆ ದಿನಕ್ಕೆ ನಮ್ಮ ದೇಶದಲ್ಲಿ ಇನ್ನೊಂದು ಹಳೆಯ ಹೆಸರಿದೆ, 'ಬಾರಾ ವಫಾತ್'. ಬಾರಾ ಅಂದರೆ ಹನ್ನೆರಡು, ವಫಾತ್ ಅಂದರೆ ಸಾವು. ಇಬ್ನ್ ಖಲ್ಲಿಕಾನನ ಪುಸ್ತಕದ ಹೆಸರಿನಲ್ಲಿರುವ ಅದೇ ಪದ! ಅಜ್ಜಿಯರು ಸಾವಿನ ಹೆಸರಲ್ಲಿ ಕರೆದ ದಿನವನ್ನೇ ಮೊಮ್ಮಕ್ಕಳು ಹುಟ್ಟಿನ ಹೆಸರಲ್ಲಿ ಈದ್ ಮಿಲಾದ್ ಅನ್ನುತ್ತಾರೆ. 1990ರಲ್ಲಿ ವಿ.ಪಿ. ಸಿಂಗ್ ಪ್ರಧಾನಿಯಾಗಿದ್ದಾಗ ಅದನ್ನು ರಾಷ್ಟ್ರೀಯ ರಜೆ ಅಂತ ಘೋಷಿಸಿದರು. ಗೆಳೆಯನ ಊರಲ್ಲಂತೂ ದೊಡ್ಡ ಜಾತ್ರೆ ಅಂದರೆ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ಉರುಸು. ಅದು ಪುಣ್ಯತಿಥಿ, ಆದರೆ ಉರುಸ್ ಪದದ ಅರ್ಥ ಮದುವೆ. ಸಂತನಿಗೆ ಸಾವೆಂದರೆ ದೇವರ ಜೊತೆ ಮಿಲನ ಅನ್ನುವ ಭಾವ.

ಅತ್ತ ಅರೇಬಿಯಾದಲ್ಲಿ ನಡೆದದ್ದು ಬೇರೆ. ಪ್ರವಾದಿಯವರು ಹುಟ್ಟಿದ ಮನೆ ಅಂತ ಮೆಕ್ಕಾದಲ್ಲಿ ಒಂದು ಜಾಗ ಇತ್ತು. ರಬೀಉಲ್ ಅವ್ವಲ್ ತಿಂಗಳ ಸೋಮವಾರ ಅದನ್ನು ಜನರಿಗೆ ತೆರೆಯುತ್ತಿದ್ದರು ಅಂತ 1183ರಲ್ಲಿ ಅಲ್ಲಿಗೆ ಹೋದ ಪ್ರವಾಸಿ ಇಬ್ನ್ ಜುಬೈರ್ ಬರೆದಿದ್ದಾನೆ. ಸೌದಿ ಆಡಳಿತ ಬಂದ ಮೇಲೆ ಜಾಗಗಳ ಪೂಜೆ ಶುರುವಾಗಬಾರದು ಅನ್ನುವ ವಹಾಬಿ ನಿಲುವು ಗಟ್ಟಿಯಾಯಿತು. 1950ರ ದಶಕದ ಆರಂಭಕ್ಕೆ ಅಲ್ಲಿ ಒಂದು ಗ್ರಂಥಾಲಯ ಎದ್ದಿತ್ತು. ಸೌದಿಯ ಮುಫ್ತಿ ಇಬ್ನ್ ಬಾಝ್ (ಮರಣ 1999) ಪ್ರವಾದಿಯವರ ಹುಟ್ಟುಹಬ್ಬವೂ ಬೇಡ, ಮಕ್ಕಳ ಹುಟ್ಟುಹಬ್ಬವೂ ಬೇಡ ಅಂತ ಫತ್ವಾ ಕೊಟ್ಟರು. ಧರ್ಮದಲ್ಲಿ ಆಧಾರವಿಲ್ಲ ಅನ್ನುವುದು ಒಂದು ಕಾರಣ, ಬೇರೆ ಧರ್ಮದವರ ಅನುಕರಣೆ ಅನ್ನುವುದು ಇನ್ನೊಂದು. ಕೇಕಿನ ಪ್ರಶ್ನೆ ಬರುವುದು ಇಲ್ಲಿ, ಮೌಲಿದಿನ ಬೆನ್ನ ಹಿಂದೆ.

ಅಲ್ಲೂ ಮಾತು ಮುಗಿಯಲಿಲ್ಲ. 2008ರಲ್ಲಿ ಸೌದಿಯವರೇ ಆದ ಪ್ರಸಿದ್ಧ ವಿದ್ವಾಂಸ ಸಲ್ಮಾನ್ ಅಲ್-ಔದಾ ಟೀವಿಯಲ್ಲಿ, ಹುಟ್ಟುಹಬ್ಬ, ಮದುವೆಯ ದಿನ ನೆನೆದು ಸಂತೋಷ ಪಟ್ಟರೆ ತಪ್ಪಿಲ್ಲ, ಅದನ್ನು 'ಈದ್' ಅನ್ನದಿದ್ದರೆ ಸಾಕು ಅಂದರು. ಆಗಿನ ಮಹಾ ಮುಫ್ತಿ ಕೂಡಲೇ ವಿರೋಧಿಸಿದರು. ಆದರೆ ಅದೇ ದೇಶ 2005ರಿಂದ ತನ್ನ ರಾಷ್ಟ್ರೀಯ ದಿನಕ್ಕೆ ರಜೆ ಕೊಡುತ್ತಿದೆ. ದೇಶವೂ ಒಂಥರಾ ತನ್ನ ಹುಟ್ಟುಹಬ್ಬ ಆಚರಿಸಿಕೊಳ್ಳುತ್ತಿದೆ ಅಂತ ನನಗನ್ನಿಸಿತು. ಇದು ಧಾರ್ಮಿಕ ಆಚರಣೆಯಾ, ಬರೀ ಲೋಕರೂಢಿಯಾ ಅನ್ನುವುದರ ಮೇಲೆ ಉತ್ತರ ನಿಂತಿದೆ. ಲೋಕರೂಢಿ ಅಂದವರಿಗೆ ಕೇಕು ಬರೀ ಕೇಕು. ಅಲ್ಲ ಅಂದವರಿಗೆ ಅದು ಮೂರನೇ ಹಬ್ಬ.

ಇಷ್ಟು ಓದಿದ ಮೇಲೆ ನನಗೆ ತಿಳಿದದ್ದು ಇಷ್ಟೇ. 'ಇಸ್ಲಾಮಿನಲ್ಲಿ ಹುಟ್ಟುಹಬ್ಬ ಮಾಡಬಹುದಾ?' ಅನ್ನುವ ಪ್ರಶ್ನೆಗೆ ಹೌದು ಇಲ್ಲ ಅನ್ನುವ ಒಂದು ಬಿಟ್ಟಿನ ಉತ್ತರ ಇಲ್ಲ. ಎಂಟು ನೂರು ವರ್ಷಗಳಿಂದ ಒಬ್ಬರನ್ನೇ ಪ್ರೀತಿಸುವ ಎರಡು ಗುಂಪು, ಆ ಪ್ರೀತಿ ತೋರಿಸುವುದು ಹೇಗೆ ಅಂತ ವಾದ ಮಾಡುತ್ತಿವೆ. ಒಬ್ಬರು ಮಾಡಿ ತೋರಿಸುತ್ತಾರೆ, ಇನ್ನೊಬ್ಬರು ಮಾಡದೆ ತೋರಿಸುತ್ತಾರೆ. 'ಇವರದ್ದು ಯಾವಾಗಲೂ ಇದೇ' ಅಂದೆನಲ್ಲ, ಆ 'ಯಾವಾಗಲೂ' ಅನ್ನುವುದೂ ಸುಳ್ಳು, 'ಇದೇ' ಅನ್ನುವುದೂ ಸುಳ್ಳು.

ಇಷ್ಟೆಲ್ಲ ತಲೆಗೆ ತುಂಬಿಕೊಂಡು ಒಂದು ಸೋಮವಾರ ಊಟಕ್ಕೆ ಏಳುವಾಗ ಅವನ ಸೀಟಿನ ಕಡೆ ನೋಡಿದೆ. ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ತಟ್ಟನೆ ಹೊಳೆಯಿತು. ಹತ್ತಿರ ಹೋಗಿ, 'ಇದು ಡಯಟ್ ಅಲ್ಲ ಅಲ್ವಾ?' ಅಂತ ಕೇಳಿದೆ. ನಕ್ಕು ಅಂದ, 'ಡಯಟ್ ಮಾಡೋ ಮಾರಿ ಏನ್ ನಂದು? ರೋಜಾ ಅದ.'

ಕೇಕು ಕತ್ತರಿಸದ ಮನುಷ್ಯ ನನ್ನ ಪಕ್ಕದ ಸಾಲಿನಲ್ಲೇ ಕೂತು, ಸಾವಿರದ ನಾನೂರು ವರ್ಷದ ಹಿಂದಿನ ಒಂದು ಸೋಮವಾರವನ್ನು ಹೊಟ್ಟೆ ಕಟ್ಟಿ ನೆನೆಯುತ್ತಿದ್ದ. ನಾನು ಅವನನ್ನು ಹುಟ್ಟಿದ ದಿನದ ಬೆಲೆ ಗೊತ್ತಿಲ್ಲದವನು ಅಂದುಕೊಂಡಿದ್ದೆ.

ಅವತ್ತೇ ಕ್ಷಮೆ ಕೇಳಿದೆ. 'ಬಿಡಪಾ, ಕೇಕ್ ಛಲೋ ಇತ್ತು, ನಾ ಆಮ್ಯಾಗ ಎರಡು ತುಂಡು ತಿಂದೀನಿ' ಅಂದ! ಎಕ್ಸೆಲ್ ಶೀಟಿನಲ್ಲಿ ಅವನ ದಿನಾಂಕ ಹಾಗೇ ಇದೆ. ಅದರ ಮುಂದೆ ಹೊಸದೊಂದು ಕಾಲಂ ಸೇರಿಸಿದ್ದೀನಿ: 'ಮೊದಲು ಕೇಳುವುದು'. ಈಗ ಟೀಮಿನ ಎಲ್ಲರನ್ನೂ ಕೇಳ್ತೀನಿ. ಕೇಳಿದ ಮೇಲೆ ಗೊತ್ತಾಯಿತು, ಬೇಡ ಅನ್ನುವವರು ಇನ್ನೂ ಇಬ್ಬರಿದ್ದಾರೆ. ಇಬ್ಬರೂ ಮುಸ್ಲಿಮರಲ್ಲ. ಒಬ್ಬರಿಗೆ ಆ ದಿನ ಅಪ್ಪ ತೀರಿಕೊಂಡ ದಿನ. ಇನ್ನೊಬ್ಬರು ನಮ್ಮ ಮ್ಯಾನೇಜರು, ಜೂನ್ ಒಂದರವರು. 'ಅದು ಮೇಷ್ಟ್ರು ಹುಟ್ಟಿಸಿದ ದಿನ ಕಣಯ್ಯಾ, ನಾನು ಹುಟ್ಟಿದ್ದಲ್ಲ' ಅಂದರು.